ಜೀವೆ, ಬಾಣ ಮತ್ತು ಎರಡು ಉತ್ತರಗಳು

ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಬಹುಮಟ್ಟಿಗೆ ಚಾವುಂಡರಾಯನ ಗುರುಗಳೆಂದು ಬಲ್ಲರು. ಅವರ ಪ್ರಾಕೃತ ಕೃತಿ ‘ತ್ರಿಲೋಕಸಾರ’ವನ್ನು ತೆರೆದವರೂ ದ್ವೀಪ, ಸಮುದ್ರ, ಪರ್ವತಗಳ ವರ್ಣನೆಯನ್ನು ಓದಿ, ನಡುವೆ ಬರುವ ಗಣಿತದ ಕರಣಸೂತ್ರಗಳನ್ನು ದಾಟಿಬಿಡುವುದುಂಟು. ಗ್ರಂಥದ ಅತ್ಯಂತ ಬಿಗಿಯಾದ ಭಾಗ ಅಲ್ಲಿಯೇ ಇದೆ.

ಜೈನ ಲೋಕವರ್ಣನೆಯಂತೆ ಜಂಬೂದ್ವೀಪವು ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದರ ದಕ್ಷಿಣದ ಅಂಚಿನಲ್ಲಿ ಬಿಲ್ಲಿನ ಆಕಾರದ ಭರತಕ್ಷೇತ್ರವಿದೆ. ಬಿಲ್ಲಿನ ಬಾಗು ಧನು; ಹೆದೆ ಜೀವೆ; ಹೆದೆಯ ನಡುವಿನಿಂದ ಬಾಗಿನವರೆಗಿನ ಅಂತರ ಬಾಣ. ಭರತದ ಬಾಣ ವ್ಯಾಸದ ೧೯೦ನೆಯ ಒಂದು ಪಾಲು, ಎಂದರೆ ೫೨೬ ೬/೧೯ ಯೋಜನ. ವ್ಯಾಸದಲ್ಲಿ ಬಾಣವನ್ನು ಕಳೆದು, ಉಳಿದುದನ್ನು ಬಾಣದ ನಾಲ್ಮಡಿಯಿಂದ ಗುಣಿಸಿದರೆ ಜೀವೆಯ ವರ್ಗ ದೊರೆಯುತ್ತದೆ. ಹೀಗೆ ಭರತದ ಜೀವೆ ಸುಮಾರು ೧೪,೪೭೧ ಯೋಜನ. ಉಮಾಸ್ವಾತಿಗಳದೇ ಎಂದು ಶ್ವೇತಾಂಬರ ಪರಂಪರೆ ಒಪ್ಪುವ ತತ್ತ್ವಾರ್ಥಭಾಷ್ಯದಲ್ಲಿಯೂ ಈ ಸೂತ್ರವಿದೆ.

ಇದನ್ನು ಇಂದಿನ ತ್ರಿಕೋನಮಿತಿಯ ಮಾತಿಗೆ ತರಬಹುದು. ತ್ರಿಜ್ಯವನ್ನು ೧ ಎಂದಿಟ್ಟುಕೊಂಡರೆ ಅರ್ಧಜೀವೆಯು ಅರ್ಧಧನುವಿನ ಕೋನದ ಸೈನ್. ಬಾಣವು ೧ − ಕೊಸೈನ್. ವ್ಯಾಸದ ಉಳಿದ ಭಾಗ ೧ + ಕೊಸೈನ್. ಸೈನ್‌ನ ವರ್ಗ ಈ ಎರಡರ ಗುಣಲಬ್ಧ. ಇಂದಿನ ವಿದ್ಯಾರ್ಥಿ ಅಪವರ್ತಿಸಿ ಪಡೆಯುವ ರೂಪವು ಕರಣಸೂತ್ರದಲ್ಲಿ ಮೊದಲೇ ಅಪವರ್ತನಗಳಾಗಿ ನಿಂತಿದೆ.

ಸೈನ್‌ನ ವರ್ಗವು ೧ − ಕೊಸೈನ್‌ಗೆ ಸಮವೆಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ಬಾಣದ ಭಾಷೆಯಲ್ಲಿ ಅದು: ಬಾಣ × (೨ − ಬಾಣ) = ಬಾಣ. ಎರಡೂ ಕಡೆ ಬಾಣದಿಂದ ಭಾಗಿಸಿದವನಿಗೆ ಬಾಣ ೧ ಎಂಬ ಒಂದೇ ಉತ್ತರ. ಅದು ಅರ್ಧವೃತ್ತ, ಕೋನ ೯೦ ಅಂಶ. ಭಾಗಿಸದೆ, ಬಾಣ × (೧ − ಬಾಣ) = ೦ ಎಂದು ಅಪವರ್ತಿಸಿದವನಿಗೆ ಬಾಣ ಶೂನ್ಯವೆಂಬ ಉತ್ತರವೂ ಉಳಿಯುತ್ತದೆ. ಅಲ್ಲಿ ಕೋನವೂ ಶೂನ್ಯ, ಕ್ಷೇತ್ರವೇ ಇಲ್ಲ! ಆದರೂ ಅದು ಉತ್ತರವೇ.

ಇಷ್ಟರಿಂದ ಜೈನಾಚಾರ್ಯರು ತ್ರಿಕೋನಮಿತಿಯನ್ನೇ ರಚಿಸಿದರೆನ್ನುವುದು ಅತಿಶಯೋಕ್ತಿ. ಈ ಸೂತ್ರಗಳಲ್ಲಿ ಕೋನದ ಮಾತಿಲ್ಲ; ಜ್ಯಾಕೋಷ್ಟಕಕ್ಕೆ ಆರ್ಯಭಟನತ್ತ ಹೋಗಬೇಕು. ಆದರೆ ಇವನ್ನು ಬರಿಯ ಪುರಾಣಭೂಗೋಳವೆಂದು ಬದಿಗಿಡುವುದು ಅದಕ್ಕಿಂತ ದೊಡ್ಡ ತಪ್ಪು. ನೇಮಿಚಂದ್ರರಿಗೆ ಶತಮಾನದಷ್ಟು ಹಿಂದೆ, ಅಮೋಘವರ್ಷನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ದ ಮಹಾವೀರಾಚಾರ್ಯರು ವರ್ಗಮೂಲವು ಧನವೂ ಋಣವೂ ಆಗಬಹುದೆಂದು, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದ್ದರು.

ಈ ಎರಡು ಮೂಲಗಳ ಪ್ರಶ್ನೆ ಜೀವೆಯಿಂದ ಬಾಣವನ್ನು ಹುಡುಕುವಾಗ ಎದುರಾಗುತ್ತದೆ. ವ್ಯಾಸದ ವರ್ಗದಲ್ಲಿ ಜೀವೆಯ ವರ್ಗವನ್ನು ಕಳೆದು, ಅದರ ಮೂಲವನ್ನು ವ್ಯಾಸದಿಂದ ಕಳೆದು ಅರ್ಧಿಸಬೇಕೆಂಬುದು ಸೂತ್ರ. ಕಳೆಯುವ ಬದಲು ಕೂಡಿಸಿದರೂ ಸಮೀಕರಣ ಒಪ್ಪುತ್ತದೆ. ಆಗ ಬರುವ ಬಾಣ ೯೯,೪೭೩ ೧೩/೧೯ ಯೋಜನ. ಅದು ಹೆದೆಯ ಉತ್ತರಕ್ಕೆ ಉಳಿಯುವ ಜಂಬೂದ್ವೀಪದ ಬಾಣ. ಕೇಳಿದುದು ಭರತದ ಅಳತೆಯಾದುದರಿಂದ ಸೂತ್ರ ಚಿಕ್ಕದನ್ನು ಆರಿಸಿಕೊಂಡಿದೆ.