ವೀರ್ಯಾಣು ಚಲನೆಯ ಪರೀಕ್ಷೆ

ವೀರ್ಯಾಣುವನ್ನು ಮೊದಲು ಬೆರಗಿನಿಂದ ನೋಡಿದರು, ಎಣಿಸಿದ್ದು ಬಹಳ ತಡವಾಗಿ. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ಬಾಲ ಬಳುಕಿಸುತ್ತ ಓಡಾಡುವ ಸೂಕ್ಷ್ಮಜೀವಿಗಳನ್ನು ಕಂಡ ಸುದ್ದಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಆದರೆ ಬಂಜೆತನವೆಂದರೆ ಹೆಣ್ಣಿನದೇ ದೋಷ ಎಂಬ ನಂಬಿಕೆ ಬೇರೂರಿದ್ದ ಕಡೆ ಗಂಡಸಿನ ವೀರ್ಯವನ್ನು ಪರೀಕ್ಷೆಗೆ ಒಡ್ಡುವ ತುರ್ತು ಯಾರಿಗೂ ಇರಲಿಲ್ಲ. ಅಮೆರಿಕದ ಮ್ಯಾಕ್ಲಿಯೋಡ್ ಮತ್ತು ಗೋಲ್ಡ್, ತಂದೆಯಾಗಬಲ್ಲರೆಂದು ಗೊತ್ತಿದ್ದ 1000 ಗಂಡಸರನ್ನು ಮಕ್ಕಳಾಗದ 1000 ದಾಂಪತ್ಯಗಳ ಗಂಡಸರೊಡನೆ ಹೋಲಿಸಿದ್ದು 1951ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಕೈಪಿಡಿ ಬಂದದ್ದು 1980ರಲ್ಲಿ.

ಪರೀಕ್ಷೆ ನೋಡಲು ಸರಳ. ವೀರ್ಯ ನೀರಾದ ಮೇಲೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಕನಿಷ್ಠ 200 ವೀರ್ಯಾಣುಗಳಲ್ಲಿ ಮುಂದೆ ಸಾಗುವವು, ನಿಂತಲ್ಲೇ ಒದ್ದಾಡುವವು, ಅಲುಗದವು ಎಷ್ಟೆಷ್ಟೆಂದು ಎಣಿಸುತ್ತಾರೆ. ಗಾಜು ತಣ್ಣಗಿದ್ದರೆ ಚುರುಕಾದವೂ ನಿಧಾನವಾಗುತ್ತವೆ. ಹಾಗೆ ಬಂದ ಅಂಕಿಯನ್ನು ತೀರ್ಪೆಂದು ಓದುವುದೇ ತಪ್ಪು. 2010ರ ಕೈಪಿಡಿ ಮುಂದೆ ಸಾಗುವವುಗಳಿಗೆ ಇಟ್ಟ ಕೆಳಮಿತಿ 32%. ಸಂಗಾತಿ ಒಂದು ವರ್ಷದೊಳಗೆ ಬಸುರಾದ ಗಂಡಸರನ್ನೇ ಅಳೆದು, ಅವರಲ್ಲಿ ನೂರಕ್ಕೆ ಐವರನ್ನು ಗೆರೆಯ ಕೆಳಗೆ ಬಿಟ್ಟು ಎಳೆದ ಮಿತಿಯಿದು. ಅಂದರೆ ಗೆರೆಯ ಕೆಳಗಿದ್ದ ಆ ಐವರೂ ತಂದೆಯರೇ! 2001ರ ಅಮೆರಿಕದ ಅಧ್ಯಯನವೊಂದರಲ್ಲೂ ಚಲನೆ 32%ಕ್ಕಿಂತ ಕಡಿಮೆಯಾದರೆ ಫಲವತ್ತತೆ ಕುಗ್ಗಿದೆ, 63%ಕ್ಕಿಂತ ಹೆಚ್ಚಾದರೆ ಚೆನ್ನಾಗಿದೆ ಎಂದು ವಿಂಗಡಿಸಿ, ನಡುವಿನದನ್ನು ಅನಿಶ್ಚಿತವೆಂದೇ ಬಿಟ್ಟರು. ಕಣ್ಣಿನ ಎಣಿಕೆಯ ದೋಷವನ್ನು ಕಂಪ್ಯೂಟರ್ ಕಳೆಯುತ್ತದಲ್ಲ ಎನ್ನಬಹುದು. ಅದು ವೇಗವನ್ನೂ ಹಾದಿಯ ವಕ್ರತೆಯನ್ನೂ ಅಳೆಯುತ್ತದೆ ನಿಜ, ಆದರೆ ಕಸವನ್ನೂ ವೀರ್ಯಾಣುವೆಂದು ಎಣಿಸಬಲ್ಲದು. ಅಳತೆ ಎಷ್ಟೇ ನಿಖರವಾದರೂ ಅಂಡಾಣುವಿನ ಗುಣ, ಹೆಂಗಸಿನ ವಯಸ್ಸು ಆ ಹನಿಯಲ್ಲಿ ಕಾಣುವುದಿಲ್ಲ.

ಹಾಗಿದ್ದರೆ ಈ ಎಣಿಕೆಯ ಪ್ರಯೋಜನವೇನು? ಚಿಕಿತ್ಸೆಯ ದಾರಿ ಆರಿಸಲು ಅದು ಬೇಕು. ತೊಳೆದ ವೀರ್ಯವನ್ನು ಗರ್ಭಕೋಶಕ್ಕೆ ಬಿಡುವ ಐಯುಐ ವಿಧಾನದಲ್ಲಿ ವೀರ್ಯಾಣು ತಾನೇ ಈಜಿ ಅಂಡಾಣುವನ್ನು ತಲುಪಬೇಕು. ಚಲಿಸುವವು ತೀರಾ ಕಡಿಮೆಯಿದ್ದರೆ ಅದನ್ನೇ ಮತ್ತೆ ಮತ್ತೆ ಮಾಡಿಸುವುದು ದುಡ್ಡಿಗೂ ಕಾಲಕ್ಕೂ ದಂಡ. ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಪ್ರಕಟಿಸಿದ ಇಕ್ಸಿ ವಿಧಾನ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಳಿಸಿ, ಈಜುವ ಅಗತ್ಯವನ್ನೇ ತೆಗೆದುಹಾಕಿತು. ಇನ್ನು ಚಲನೆಯ ಮಾತೇಕೆ ಎಂಬ ಆಕ್ಷೇಪ ಹುಟ್ಟಿದ್ದು ಇಲ್ಲಿಂದ. ಆದರೆ ಇಕ್ಸಿಯಲ್ಲೂ ತಜ್ಞರ ಕಣ್ಣು ಅಲುಗುವುದನ್ನೇ ಹುಡುಕುತ್ತದೆ. ಅಲುಗಾಟ ಜೀವವಿರುವುದಕ್ಕೆ ಗುರುತು. ಒಂದೂ ಅಲುಗದಿದ್ದರೆ ಸಪ್ಪೆ ದ್ರಾವಣದಲ್ಲಿಟ್ಟು, ಬಾಲ ಸುರುಳಿಯಾದುದನ್ನು ಬದುಕಿದೆಯೆಂದು ಆರಿಸುತ್ತಾರೆ. ಚುರುಕಾದದ್ದು ಸಿಕ್ಕರೆ, ಅಂಡಾಣುವಿಗೆ ಇಳಿಸುವ ಮುನ್ನ ಸೂಜಿಯ ತುದಿಯಿಂದ ಅದರ ಬಾಲವನ್ನು ಒತ್ತಿ ಆ ಚಲನೆಯನ್ನೇ ನಿಲ್ಲಿಸುತ್ತಾರೆ.