ಒಂದು ರೂಪಾಯಿ ಟಿಕೆಟ್, ಸಿಬ್ಬಂದಿಯ ಫೋನ್ ಚಾರ್ಜರ್

ಬೂವನಹಳ್ಳಿ ಅಂದ್ರೆ ಹಾಸನದ ಕಡೆಯವರಿಗೆ ಮೊದಲು ನೆನಪಾಗೋದು ವಿಮಾನ ನಿಲ್ದಾಣ. "ಇನ್ನೇನು ಬಂದೇ ಬಿಡ್ತು" ಅನ್ನೋ ಮಾತನ್ನ ದಶಕಗಳಿಂದ ಕೇಳ್ತಿರೋ ಊರು ಅದು. ಆದ್ರೆ ಅಲ್ಲಿ ರನ್‌ವೇ ಕೆಲಸ ನಡೆಯೋಕೆ ಎಷ್ಟೋ ಮುಂಚೆ, ಇದೇ ಜಿಲ್ಲೆಯ ಗೊರೂರಿನವರೊಬ್ಬರು ದೇಶಕ್ಕೆ ಅಗ್ಗದ ವಿಮಾನ ಕೊಟ್ಟಿದ್ರು. ಕ್ಯಾಪ್ಟನ್ ಗೋಪಿನಾಥ್. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ರೇಷ್ಮೆ ಕೃಷಿ ಮಾಡಿದವರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿಸಿದರು.

ಅದರಲ್ಲಿ ಬಿಟ್ಟಿ ಊಟ ಇರಲಿಲ್ಲ. ನೀರಿನ ಬಾಟಲಿಗೂ ದುಡ್ಡು. ಸೀಟ್ ನಂಬರ್ ಇಲ್ಲ, ನಮ್ಮ ಕೆಂಪು ಬಸ್ಸಿನ ಹಾಗೆ ಮೊದಲು ಹತ್ತಿದವರಿಗೆ ಕಿಟಕಿ. ವಿಮಾನದ ಮೈಮೇಲೆಲ್ಲ ಜಾಹೀರಾತು. ಕೆಲವು ಟಿಕೆಟ್ ಒಂದು ರೂಪಾಯಿಗೂ ಸಿಗ್ತಿತ್ತು. ಇದರಲ್ಲಿ ನನಗೇನೂ ತಪ್ಪು ಕಾಣಲ್ಲ. ಪ್ರಯಾಣಿಕ ಏನು ಬಿಟ್ಟುಕೊಟ್ಟನೋ ಅದು ಅವನಿಗೇ ಟಿಕೆಟ್ ದರದಲ್ಲಿ ವಾಪಸ್ ಬರ್ತಿತ್ತು.

ಕತ್ತರಿ ಸಿಬ್ಬಂದಿ ಕಡೆ ತಿರುಗಿದಾಗ ಲೆಕ್ಕ ಬೇರೆ. 2005ರಲ್ಲಿ ಐರ್ಲೆಂಡಿನ ರಯಾನ್‌ಏರ್ ತನ್ನ ನೌಕರರಿಗೆ ಒಂದು ಆದೇಶ ಹೊರಡಿಸಿತು: ಕೆಲಸದ ಜಾಗದಲ್ಲಿ ಮೊಬೈಲ್ ಚಾರ್ಜ್ ಮಾಡಬೇಡಿ, ಅದು ಕಂಪನಿಯ ಕರೆಂಟ್ ಕಳ್ಳತನ. ಒಂದು ಸಲ ಚಾರ್ಜ್ ಮಾಡಿದ್ರೆ ಒಂದೆರಡು ಪೆನ್ನಿ ಖರ್ಚು, ಅಷ್ಟೇ! ವಿಮಾನ ಕಂಪನಿಯ ಹಣ ತಿನ್ನೋದು ಇಂಧನ, ವಿಮಾನದ ಬಾಡಿಗೆ, ರಿಪೇರಿ, ನಿಲ್ದಾಣದ ಶುಲ್ಕ. ತೈಲದ ಬೆಲೆ ಮ್ಯಾನೇಜರ್ ಮಾತು ಕೇಳಲ್ಲ, ಡಾಲರ್ ರೇಟೂ ಕೇಳಲ್ಲ. ಕೇಳೋದು ನೌಕರ ಒಬ್ಬನೇ. ಹಾಗಾಗಿ ಚಾರ್ಜರ್, ಟೀ, ಯೂನಿಫಾರ್ಮ್ ಮೇಲೆ ಕಣ್ಣು ಬೀಳುತ್ತೆ ಅನ್ನೋದು ನನ್ನ ಅಂದಾಜು.

ಇನ್ನು ಏರ್ ಡೆಕ್ಕನ್ ಕಥೆ. ನಷ್ಟ ತಡೆಯಲಾಗದೆ 2007ರಲ್ಲಿ 26% ಪಾಲು ವಿಜಯ್ ಮಲ್ಯ ಅವರ ಯುಬಿ ಗುಂಪಿಗೆ ಹೋಯ್ತು, ಬೆಲೆ 550 ಕೋಟಿ ರೂಪಾಯಿ. ಮರುವರ್ಷ ಹೆಸರೂ ಹೋಗಿ ಕಿಂಗ್‌ಫಿಷರ್ ರೆಡ್ ಆಯ್ತು. ಕಿಂಗ್‌ಫಿಷರ್ ಜಿಪುಣ ಕಂಪನಿ ಅಲ್ಲವೇ ಅಲ್ಲ, ಅದ್ದೂರಿಗೇ ಹೆಸರಾಗಿತ್ತು. ಅದರ ಸಿಬ್ಬಂದಿಗೆ 2012ರಲ್ಲಿ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತಾಯ್ತು. ಬೆಂಗಳೂರಲ್ಲಿ ಇಎಂಐ ಕಟ್ಟಬೇಕಾದವರ ಮನೆಗಳಲ್ಲಿ ಆ ವರ್ಷ ಹೇಗಿತ್ತು ಅಂತ ನೀವೇ ಯೋಚಿಸಿ.

ಮುಂದಿನದು 2024ರ ಮೇ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ಬೆಂಗಳೂರಿನ ಎಐಎಕ್ಸ್ ಕನೆಕ್ಟ್ ವಿಲೀನ ಆಗ್ತಿದ್ದ ಸಮಯ. ಇದು ಮೊದಲು ಏರ್‌ಏಷ್ಯಾ ಇಂಡಿಯಾ ಆಗಿತ್ತು. ಭತ್ಯೆಗಳನ್ನ ಕಡಿತ ಮಾಡಿದ್ದಾರೆ, ಎಲ್ಲರನ್ನೂ ಸಮಾನವಾಗಿ ನೋಡ್ತಿಲ್ಲ ಅನ್ನೋದು ಕ್ಯಾಬಿನ್ ಸಿಬ್ಬಂದಿ ದೂರು. ಒಂದು ರಾತ್ರಿ ಅವರಲ್ಲಿ ನೂರಾರು ಜನ ಒಟ್ಟಿಗೆ "ಹುಷಾರಿಲ್ಲ" ಅಂತ ರಜೆ ಹಾಕಿದರು. ಹತ್ತಾರು ವಿಮಾನ ರದ್ದು. ಕಂಪನಿ 25 ಜನರನ್ನ ವಜಾ ಮಾಡಿತು, ಆಮೇಲೆ ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಎದುರು ಮಾತುಕತೆ ಆಗಿ ವಾಪಸ್ ತಗೊಂಡಿತು. ಭತ್ಯೆಯಲ್ಲಿ ಉಳಿಸಿದ್ದೆಷ್ಟು, ರದ್ದಾದ ವಿಮಾನಗಳ ರೀಫಂಡ್‌ಗೆ ಹೋಗಿದ್ದೆಷ್ಟು?

ಇದು ಯಾಕೆ ಹೇಳ್ತಿದ್ದೀನಿ ಅಂದ್ರೆ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಕಡೆಯಿಂದ ಕ್ಯಾಬಿನ್ ಕ್ರೂ ಇಂಟರ್‌ವ್ಯೂಗೆ ಹೋಗೋರೂ ಇದನ್ನ ಕೇಳ್ತಿರಬಹುದು. ಆ ಕೆಲಸದಲ್ಲಿ ಸಂಬಳದ ದೊಡ್ಡ ಪಾಲು ಹಾರಾಟದ ಗಂಟೆಗಳ ಮೇಲೆ ನಿಂತಿರುತ್ತೆ. ವಿಮಾನ ಹಾರಲಿಲ್ಲ ಅಂದ್ರೆ ಆ ಪಾಲು ಕರಗುತ್ತೆ. ಹಾಗಾಗಿ ಆಫರ್ ಲೆಟರ್‌ನಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಡೋ ಮುಂಚೆ, ಖಾಯಂ ಸಂಬಳ ಎಷ್ಟು, ಟ್ರೇನಿಂಗ್ ಮತ್ತು ಯೂನಿಫಾರ್ಮ್ ಹಣ ಯಾರದ್ದು, ಬೇರೆ ಊರಲ್ಲಿ ರಾತ್ರಿ ತಂಗಿದರೆ ರೂಮ್ ಒಬ್ಬರಿಗಾ ಇಬ್ಬರಿಗಾ ಅಂತ ಬರಹದಲ್ಲೇ ಕೇಳಿ ತಗೊಳ್ಳಿ.