ಕಟ್ಟಿದ ರಕ್ತನಾಳವೂ ದೂರದ ಊರೂ

ಹೃದಯಾಘಾತದ ಚಿಕಿತ್ಸೆಯ ಚರಿತ್ರೆಯನ್ನು ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ನಿಂತು ಓದಿದರೆ ಅದು ನನಗೆ ಔಷಧಕ್ಕಿಂತ ದಾರಿಯ ಕತೆಯಾಗಿ ಕಾಣುತ್ತದೆ. ಮೊಳಕಾಲ್ಮೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆ 200 ಕಿಲೋಮೀಟರಿಗೂ ಆಚೆ. ರಕ್ತನಾಳ ಕಟ್ಟಿದ ಹೃದಯದ ಸ್ನಾಯುವಿಗೆ ಅಷ್ಟು ಹೊತ್ತಿಲ್ಲ.

ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸನ್ನು ಅಮೆರಿಕದಲ್ಲಿ ಟಿಲೆಟ್ ಮತ್ತು ಗಾರ್ನರ್ ಗುರುತಿಸಿದ್ದು 1933ರಲ್ಲಿ. ಹೃದಯಾಘಾತದಲ್ಲಿ ಅದು ಜೀವ ಉಳಿಸುತ್ತದೆಂದು ಗಟ್ಟಿಯಾಗಿ ತೋರಿಸಿದ್ದು 1986ರ ಇಟಲಿಯ ಅಧ್ಯಯನ, ಸುಮಾರು 11,800 ರೋಗಿಗಳ ಮೇಲೆ. ಮೊದಲ ಗಂಟೆಯಲ್ಲೇ ಮದ್ದು ಸಿಕ್ಕವರಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಗಿತ್ತು.

ಆಮೇಲೆ ಕೆನಡಾದಲ್ಲಿ ಇನ್ನೊಂದು ಯೋಚನೆ ಹುಟ್ಟಿತು. ಹೃದಯ ತನ್ನ ಪಾಲಿನ ರಕ್ತವನ್ನು ಬಹುಮಟ್ಟಿಗೆ ಪಡೆಯುವುದು ಸಡಿಲಗೊಂಡ ಗಳಿಗೆಯಲ್ಲಿ. ಇಸಿಜಿಯ ಲಯ ಹಿಡಿದು ಆ ಗಳಿಗೆಗೆ ಸರಿಯಾಗಿ ಎದೆಯನ್ನು ಕಂಪಿಸಿದರೆ ಹೆಪ್ಪು ಅಲುಗಿ, ಮದ್ದು ಒಳಹೊಕ್ಕೀತು ಎಂಬ ಲೆಕ್ಕ. ಆಂಬುಲೆನ್ಸಿನಲ್ಲೇ ಮಾಡಬಹುದಾದ ಕೆಲಸ, ನಮ್ಮ ಕಡೆಗೆ ಹೇಳಿ ಮಾಡಿಸಿದಂಥದ್ದು! ಅದು ವಾಡಿಕೆಯ ಚಿಕಿತ್ಸೆಯಾಗಲಿಲ್ಲ.

ತಾಲ್ಲೂಕುಗಳತ್ತ ಹೊರಟದ್ದು ಚುಚ್ಚುಮದ್ದೇ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಸರ್ಕಾರ 2023ರಲ್ಲಿ ಶುರುಮಾಡಿತು. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಉಚಿತ. ಸ್ಟ್ರೆಪ್ಟೊಕೈನೇಸಿನಂತೆ ಇದಕ್ಕೆ ಗಂಟೆಯ ಡ್ರಿಪ್ ಬೇಡ. ತೂಕ ನೋಡಿ ಒಂದೇ ಸಲಕ್ಕೆ ಕೊಡುವುದು. ದಾರಿಯನ್ನು ಮೊಟಕುಮಾಡಿದ್ದು ಈ ವ್ಯವಸ್ಥೆ ಎಂದೇ ನನ್ನ ಎಣಿಕೆ. ಆದರೂ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಸೋಡಾ ಕುಡಿದು, ಬೆಳಗಿನ ಬಸ್ಸಿಗೆ ಕಾಯುವವರಿದ್ದಾರೆ. ಅಷ್ಟು ಹೊತ್ತಿಗೆ ಹೆಪ್ಪು ಗಟ್ಟಿಯಾಗಿ, ಮದ್ದಿಗೆ ಸುಲಭವಾಗಿ ಕರಗುವುದಿಲ್ಲ.